ಒಂದೂವರೆ ಮಿಲಿಮೀಟರ್ ಎಚ್ಚರಿಕೆ

(ಹಳೆ ಬಂದರಿನಿಂದ ಬೆಂಗ್ರೆಗೆ ಹೊರಟ ದೋಣಿ. ತಂಡೇಲನ ಕೈಯಲ್ಲಿ 180 ಮಿಲಿಯ ಪೊಟ್ಟಣ.)

ತಂಡೇಲ: ಮೇಷ್ಟ್ರೇ, ಇದರ ಮೇಲೆ ಎಂತದು ಇರುವೆ ಸಾಲು?

ಮೇಷ್ಟ್ರು: ಇರುವೆಯಲ್ಲ ಮಾರಾಯ, ಎಚ್ಚರಿಕೆ! ಮದ್ಯ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಅಂತ. 2019ರಿಂದ ಕಡ್ಡಾಯ.

ತಂಡೇಲ: ದೋಣಿಯ ಸುದ್ದಿ ಇಲ್ಲವಲ್ಲ, ಬಚಾವ್! ಅಕ್ಷರ ಯಾಕೆ ಇಷ್ಟು ಸಣ್ಣ?

ಮೇಷ್ಟ್ರು: ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ದೊಡ್ಡ ಬಾಟಲಿಗೆ ಕನಿಷ್ಠ 3 ಮಿಲಿಮೀಟರ್. 200 ಮಿಲಿವರೆಗೆ ಒಂದೂವರೆ ಸಾಕು.

ತಂಡೇಲ: ಅಂದರೆ ಬಡವನ ಲಿವರಿಗೆ ಅರ್ಧ ಎಚ್ಚರಿಕೆ!

ಮೇಷ್ಟ್ರು: ಸಿಗರೇಟು ಪ್ಯಾಕಿನಲ್ಲಾದರೆ ಶೇ. 85 ಜಾಗ ಅದಕ್ಕೇ, ಚಿತ್ರ ಸಮೇತ. ಇದಕ್ಕೆ ಚಿತ್ರವೂ ಇಲ್ಲ. ಅಬಕಾರಿ ಖಜಾನೆಗೆ ದೃಷ್ಟಿ ತಾಗಬಾರದಲ್ಲ!

ತಂಡೇಲ: ಬಿಡಿ, ಎರಡು ಪೊಟ್ಟಣ ಇಳಿದರೆ ಎಲ್ಲ ಡಬಲ್ ಕಾಣ್ತದೆ. ಆಗ 3 ಮಿಲಿಮೀಟರ್ ಆಯ್ತಲ್ಲ!