ಹಿಮಪ್ರೇಮ ಮೀಮಾಂಸೆ

ಶಾಸ್ತ್ರಾರಂಭಕ್ಕೆ ಅನುಬಂಧ ಚತುಷ್ಟಯ ಹೇಳಲೇಬೇಕು. ವಿಷಯ: ಬೊರಿಸ್ ಪಾಸ್ತರ್ನಾಕ್ ಕಾದಂಬರಿಯಿಂದ ಡೇವಿಡ್ ಲೀನ್ 1965ರಲ್ಲಿ ತೆಗೆದ ‘ಡಾಕ್ಟರ್ ಜಿವಾಗೊ’ ಚಿತ್ರ. ಅಧಿಕಾರಿ: ಮೂರು ಗಂಟೆಗೂ ಮೀರಿ ಕುರ್ಚಿ ಬಿಡದ ಸಹೃದಯ. ಸಂಬಂಧ: ವಿವಾಹಬಾಹಿರ. ಪ್ರಯೋಜನ: ಸದ್ಯಕ್ಕೆ ಕಂಡುಬಂದಿಲ್ಲ.

ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬುದು ತಾರ್ಕಿಕರ ಮಾತು. ಎಲ್ಲೆಲ್ಲಿ ಹಿಮವೋ ಅಲ್ಲಲ್ಲಿ ಪ್ರೇಮ ಎಂಬುದು ನಮ್ಮ ವ್ಯಾಪ್ತಿ. ದೃಷ್ಟಾಂತ, ಚಿತ್ರದಲ್ಲಿ ಬರುವ ವರಿಕಿನೊದ ಮನೆ: ಹೊರಗೆ ತೋಳಗಳ ಊಳು, ಒಳಗೆ ಮೇಜು ಕುರ್ಚಿಗಳ ಮೇಲೂ ಮಂಜು, ನಡುವೆ ನಾಯಕ ಯೂರಿ ಜಿವಾಗೊ ಕೂತು ಪ್ರೇಯಸಿ ಲಾರಾಳ ಮೇಲೆ ಕವಿತೆ ಬರೆಯುತ್ತಾನೆ. ಹೆಂಡತಿ ತೋನ್ಯಾಳ ಬೆಚ್ಚಗಿನ ಮನೆಯಲ್ಲಿ ಈ ಪರಿಯ ಕಾವ್ಯ ಹುಟ್ಟಿರಲಿಲ್ಲವೆಂಬುದನ್ನು ವಿದ್ವಾಂಸರು ಗಮನಿಸಬೇಕು.

ಆಕ್ಷೇಪ: ಡ್ಯಾಫೊಡಿಲ್ ಅರಳಿದ ಕಾಲದಲ್ಲೇ ಯೂರಿ ಲಾರಾಳ ಮನೆ ಬಾಗಿಲಿಗೆ ಹೋದನಲ್ಲ? ಸಮಾಧಾನ: ಅದು ವಸಂತ. ವಸಂತದಲ್ಲಿ ಯಾರು ಬೇಕಾದರೂ ಪ್ರೇಮಿಸಿಯಾರು. ಅದಕ್ಕೆ ಶಾಸ್ತ್ರ ಬೇಕಿಲ್ಲ.

ಇನ್ನು ಗಟ್ಟಿ ಪೂರ್ವಪಕ್ಷ. ಆ ಹಿಮ ಹಿಮವೇ ಅಲ್ಲ! ಕಾದಂಬರಿಗೇ ನಿಷೇಧವಿದ್ದ ಸೋವಿಯತ್ ನೆಲದಲ್ಲಿ ಚಿತ್ರೀಕರಣ ಸಾಧ್ಯವಿರಲಿಲ್ಲ. ಸ್ಪೇನಿಗೆ ಹೋದರೆ ಅಲ್ಲಿ ಚಳಿಗಾಲವೇ ಕೈಕೊಟ್ಟಿತು. ಬಯಲಿಗೆ ಅಮೃತಶಿಲೆಯ ಪುಡಿ ಸುರಿದರು, ವರಿಕಿನೊದ ಮನೆಗೆ ಮೇಣ ಬಳಿದರು. ಮಾಸ್ಕೋದ ಬೀದಿ ಎದ್ದದ್ದು ಮ್ಯಾಡ್ರಿಡ್ ಬಳಿ. ಯೂರಿ ಆದ ಒಮರ್ ಷರೀಫ್ ಈಜಿಪ್ಟಿನವರು. ಲಾರಾ ಆದ ಜೂಲಿ ಕ್ರಿಸ್ಟಿ ಹುಟ್ಟಿದ್ದು ಅಸ್ಸಾಮಿನಲ್ಲಿ. ಹೇತುವೇ ಅಸಿದ್ಧವಾದ ಮೇಲೆ ಪ್ರೇಮದ ಗತಿಯೇನು?

ಸಿದ್ಧಾಂತ: ರಜ್ಜುಸರ್ಪ ನ್ಯಾಯ. ಹಗ್ಗ ಹಾವಲ್ಲದಿದ್ದರೂ ಹೆದರಿಕೆ ನಿಜ. ಲಾರಾ ಕುಳಿತ ಜಾರುಬಂಡಿ ಹೊರಟಾಗ ಯೂರಿ ಮಹಡಿಗೆ ಓಡುತ್ತಾನೆ. ಕಿಟಕಿಗೆ ಮಂಜು ಕಟ್ಟಿದೆ. ಗಾಜು ಒಡೆದು ನೋಡುತ್ತಾನೆ. ಆ ಹೊತ್ತಿನಲ್ಲಿ ಮೇಣದ ನೆನಪಾದವನು ನಮ್ಮ ಶಾಸ್ತ್ರಕ್ಕೆ ಅಧಿಕಾರಿಯಲ್ಲ.

ಹಗ್ಗವನ್ನು ಹಾವೆಂದು ಬಗೆದವರು ಪ್ರೇಕ್ಷಕರಷ್ಟೇ ಅಲ್ಲ. ಸೋವಿಯತ್ ಸರ್ಕಾರ ದೊಣ್ಣೆಯನ್ನೇ ಎತ್ತಿಕೊಂಡಿತು. ಸ್ವದೇಶದಲ್ಲಿ ಮುದ್ರಣ ಕಾಣದ ಕಾದಂಬರಿ 1957ರಲ್ಲಿ ಮಿಲಾನಿನಲ್ಲಿ ಇಟಾಲಿಯನ್ ಭಾಷೆಯಲ್ಲಿ ಹೊರಬಂತು. ಮರುವರ್ಷದ ಅಕ್ಟೋಬರಿನಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪಾಸ್ತರ್ನಾಕ್ ಧನ್ಯವಾದದ ತಂತಿ ಕಳಿಸಿದರು. ವಾರದೊಳಗೆ ಬೇಡವೆಂಬ ತಂತಿಯನ್ನೂ ಕಳಿಸಬೇಕಾಯಿತು. ಲೇಖಕರ ಸಂಘ ಅವರನ್ನು ಹೊರಹಾಕಿತು. ಪುಸ್ತಕ ಓದದೆಯೇ ಖಂಡಿಸಿದವರು ಹಲವರಿದ್ದರು. ವಿಮರ್ಶೆಯ ಈ ಪ್ರಾಚೀನ ಪದ್ಧತಿಯ ಬಗ್ಗೆ ಪ್ರತ್ಯೇಕ ಗ್ರಂಥವನ್ನೇ ಬರೆಯಬಹುದು. 1960ರಲ್ಲಿ ಪಾಸ್ತರ್ನಾಕ್ ತೀರಿಕೊಂಡರು. ಐದು ವರ್ಷಕ್ಕೆ ಬಂದ ಚಿತ್ರಕ್ಕೆ ಐದು ಆಸ್ಕರ್. ಹೀಗಾಗಿ ನಕಲಿ ಚಳಿಗೆ ಬಹುಮಾನ, ಅಸಲಿ ಚಳಿಗೆ ಬಹಿಷ್ಕಾರ ಎಂಬ ಉಪಸಿದ್ಧಾಂತವೂ ಸಿದ್ಧ.

ಫಲಶ್ರುತಿ: ಕಾದಂಬರಿ ಕೊನೆಗೂ 1988ರಲ್ಲಿ ಸೋವಿಯತ್ ದೇಶದಲ್ಲಿ ಅಚ್ಚಾಯಿತು, 1991ರಲ್ಲಿ ಆ ದೇಶವೇ ಕರಗಿತು. ಇದು ಕಾರ್ಯಕಾರಣವೋ ಕಾಕತಾಳೀಯವೋ ಎಂಬ ಜಿಜ್ಞಾಸೆಯನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ. ಸರ್ಕಾರಗಳು ಮಾತ್ರ ಪ್ರಯೋಗ ಮಾಡಿ ನೋಡದಿರುವುದು ಕ್ಷೇಮ.