ಕುದೂರಿನಲ್ಲಿ ಕರಿನೀರಪ್ಪನವರಿಗೆ ನಾಗರಿಕ ಸನ್ಮಾನ

ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಕುರ್ಚಿ ಸಿಗದೆ ಬೈಕಿನ ಮೇಲೆಯೇ ಕೂತಿರುವ ಯುವಮಿತ್ರರೇ, ಬಸ್ಸು ಬರುವವರೆಗೆ ಮಾತ್ರ ಕೇಳೋಣವೆಂದು ಕೈಚೀಲ ಹಿಡಿದು ನಿಂತಿರುವ ತಾಯಂದಿರೇ,

ಕುದೂರು ಸನ್ಮಾನ ಕಾಣದ ಊರಲ್ಲ. ನಿವೃತ್ತರಾದ ಮೇಷ್ಟ್ರಿಗೆ, ವರ್ಗವಾಗಿ ಹೊರಟ ಅಧಿಕಾರಿಗೆ, ವರ್ಗ ತಪ್ಪಿಸಿಕೊಂಡು ಇಲ್ಲೇ ಉಳಿದ ಅಧಿಕಾರಿಗೂ ಶಾಲು ಹೊದಿಸಿದ ಊರು ಇದು. ಆದರೆ ವರ್ಷ ವರ್ಷವೂ ಮೊದಲ ಮಳೆಗೆ ತಪ್ಪದೆ ಹಾಜರಾಗಿ, ರಸ್ತೆಯುದ್ದಕ್ಕೂ ನಡೆದು, ಯಾರ ಮನೆಯ ಕಾಫಿಗೂ ಕಾಯದೆ ಸೀದಾ ಮೋರಿಗಿಳಿದು ಹೋಗುವ ಒಬ್ಬ ಹಿರಿಯರಿಗೆ ಇದುವರೆಗೆ ಒಂದು ಹೂವಿನ ಎಸಳೂ ಬಿದ್ದಿರಲಿಲ್ಲ. ಆ ಲೋಪವನ್ನು ಸರಿಪಡಿಸಲೆಂದೇ ಈ ಶಾಮಿಯಾನ. ಇಂದಿನ ಸನ್ಮಾನಿತರು ಶ್ರೀ ಕರಿನೀರಪ್ಪನವರು. ಡಾಂಬರು ರಸ್ತೆ, ಬಸ್ ನಿಲ್ದಾಣ, ಕಲ್ಯಾಣ ಮಂಟಪದ ಪಾರ್ಕಿಂಗ್ ಅಂಗಳ ಇವನ್ನೆಲ್ಲ ತೊಳೆದುಕೊಂಡು ಬರುವ ಮಳೆನೀರು.

ಪದ್ಧತಿಯಂತೆ ಮೊದಲು ಜನ್ಮವೃತ್ತಾಂತ. ಕರಿನೀರಪ್ಪನವರು ಹುಟ್ಟುವಾಗ ಕಪ್ಪಗಿರಲಿಲ್ಲ. ಭೈರವನ ದುರ್ಗದ ಬಂಡೆಯ ಮೇಲೆ ಬೀಳುವ ಹನಿಗೂ ಬಸ್ ನಿಲ್ದಾಣದ ಮೇಲೆ ಬೀಳುವ ಹನಿಗೂ ಆಕಾಶದಲ್ಲಿ ಭೇದವಿಲ್ಲ. ನೆಲ ಮುಟ್ಟಿದ ಮೇಲೆ ಶುರುವಾಗುವುದು ಸಹವಾಸದೋಷ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಮಳೆ ಇಲ್ಲದ ತಿಂಗಳುಗಳಲ್ಲಿ ಎಂಜಿನ್ನಿನಿಂದ ತೊಟ್ಟಿಕ್ಕಿದ ಆಯಿಲ್, ಟೈರು ಸವೆದು ಉದುರಿದ ಪುಡಿ, ಬ್ರೇಕಿನ ಪುಡಿ, ಸೈಲೆನ್ಸರಿನ ಮಸಿ ಎಲ್ಲವೂ ರಸ್ತೆಯ ಮೇಲೆ ಪದರು ಪದರಾಗಿ ಕೂತಿರುತ್ತವೆ. ಮೊದಲ ಜೋರು ಮಳೆ ಆ ತಿಂಗಳುಗಳ ಬಾಕಿಯನ್ನೆಲ್ಲ ಅರ್ಧ ಗಂಟೆಯಲ್ಲಿ ಚುಕ್ತಾ ಮಾಡುತ್ತದೆ. ಆದ್ದರಿಂದಲೇ ಮಳೆಗಾಲದ ನಡುವಿನ ನೀರಿಗಿಂತ ಮೊದಲ ಮಳೆಯ ನೀರು ಹೆಚ್ಚು ಕೊಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದ ಹಿರಿಯರು ಹೊಲ ನೋಡಿ ಹೇಳಿದ್ದರು. ಆಗಿನ್ನೂ ಧರಣಿಗೆ ಡಾಂಬರು ಹಾಕಿರಲಿಲ್ಲ.

ಅವರ ಗಾತ್ರವನ್ನು ಕೆಲವರು ಹಗುರವಾಗಿ ತೆಗೆದುಕೊಳ್ಳುವುದುಂಟು. ಹತ್ತು ಗುಂಟೆಯ ಕಾಂಕ್ರೀಟ್ ಅಂಗಳದ ಮೇಲೆ ಹತ್ತೇ ಮಿಲಿಮೀಟರ್ ಮಳೆ ಬಿದ್ದರೂ ಅದು ಸುಮಾರು 10,000 ಲೀಟರ್ ನೀರು. ಅದೇ ಹತ್ತು ಗುಂಟೆ ರಾಗಿ ಹೊಲವಾಗಿದ್ದರೆ ಬಹುಪಾಲನ್ನು ಮಣ್ಣು ಕುಡಿದು ಸುಮ್ಮನಾಗುತ್ತಿತ್ತು. ಕಾಂಕ್ರೀಟ್ ಕುಡಿಯುವುದಿಲ್ಲ, ಮುಂದಕ್ಕೆ ತಳ್ಳುತ್ತದೆ.

ಇನ್ನು ಕುಟುಂಬ ಪರಿಚಯ. ಮನೆಯ ಹಿರಿಯಣ್ಣ ಸತು. ರಬ್ಬರನ್ನು ಹದಗೊಳಿಸುವಾಗ ಸೇರಿಸುವ ಸತುವಿನ ಆಕ್ಸೈಡ್‌ನಿಂದಾಗಿ ಟೈರಿನ ತೂಕದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಸತುವೇ. ಎರಡನೆಯವರು ತಾಮ್ರ, ಬ್ರೇಕ್ ಪ್ಯಾಡಿನ ಕಡೆಯ ನಂಟು. ಪಾತ್ರೆಯಲ್ಲಿದ್ದರೆ ಗಂಗಾಜಲಕ್ಕೆ ಭೂಷಣ, ಕೆರೆಯಲ್ಲಿ ಕರಗಿದರೆ ಮೀನಿಗೆ ವಾಸನೆ ಹಿಡಿಯುವ ಶಕ್ತಿಯನ್ನೇ ಕುಗ್ಗಿಸುವವರು. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು ಬ್ರೇಕ್ ಪ್ಯಾಡಿನಿಂದ ತಾಮ್ರವನ್ನು ಹಂತಹಂತವಾಗಿ ಇಳಿಸಬೇಕೆಂದು 2010ರಲ್ಲೇ ಕಾಯ್ದೆ ಮಾಡಿದವು. ಕುಟುಂಬದ ಅಜ್ಜ ಸೀಸ ಮಾತ್ರ ಅರ್ಧ ನಿವೃತ್ತರು. 2000ದ ಫೆಬ್ರವರಿಯಿಂದ ದೇಶದ ಬಂಕುಗಳಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿತು. ಹಾಗಾಗಿ ಈ ಕುಟುಂಬವನ್ನು ಯಾರೂ ತಿದ್ದಲಾರರು ಎನ್ನುವ ಮಾತು ಸುಳ್ಳು. ಒಬ್ಬರನ್ನು ಈಗಾಗಲೇ ಮನೆಗೆ ಕಳಿಸಿದ್ದಾಗಿದೆ.

ಟೈರಿನ ಪುಡಿಯ ಲೆಕ್ಕ ಕೇಳಿದರೆ ಸಭೆ ಹೆಮ್ಮೆಪಡಬಹುದು. 2017ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ತಲೆಗೆ ವರ್ಷಕ್ಕೆ 0.23 ಕಿಲೋ ಟೈರು ಪುಡಿಯಾಗಿ ಪರಿಸರ ಸೇರುತ್ತದೆ. ಹತ್ತಿರ ಹತ್ತಿರ ಕಾಲು ಕಿಲೋ. ಸೈಕಲ್ಲು ಕೂಡ ತುಳಿಯದ ಅಜ್ಜಿಯ ಪಾಲನ್ನೂ ಸೇರಿಸಿ ತೆಗೆದ ಸರಾಸರಿ ಇದು. ಅಮೆರಿಕದವರದು 4.7 ಕಿಲೋ. ಅವರನ್ನು ಹಿಂದಿಕ್ಕಲು ಇಲ್ಲಿನ ಷೋರೂಂಗಳು ಹಗಲಿರುಳು ದುಡಿಯುತ್ತಿವೆ.

ಕರಿನೀರಪ್ಪನವರ ಅಂತರರಾಷ್ಟ್ರೀಯ ಖ್ಯಾತಿಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಈ ಅಭಿನಂದನೆ ಅಪೂರ್ಣ. ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಸುತ್ತಲಿನ ತೊರೆಗಳಿಗೆ ಕೋಹೊ ಸಾಲ್ಮನ್ ಎಂಬ ಮೀನು ಸಮುದ್ರದಿಂದ ತವರಿಗೆ ಬರುತ್ತದೆ, ಮೊಟ್ಟೆಯಿಡಲು. ಮಳೆ ಬಂದ ದಿನ ಈ ಬಸುರಿ ಮೀನುಗಳು ಮೊಟ್ಟೆಯಿಡುವ ಮೊದಲೇ, ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವು. ಇದರ ಕಾರಣ ಎರಡು ದಶಕಗಳ ಕಾಲ ಯಾರಿಗೂ ತಿಳಿಯಲಿಲ್ಲ. ಸತು, ತಾಮ್ರ, ಎಣ್ಣೆಗಳನ್ನು ಬೆರೆಸಿ ಕೃತಕ ಕರಿನೀರು ಮಾಡಿ ನೋಡಿದರೂ ಮೀನು ಸಾಯಲಿಲ್ಲ. ರಸ್ತೆಯ ಅಸಲಿ ನೀರಿಗೆ ಬಿಟ್ಟರೆ ಸತ್ತವು. ಕೊನೆಗೆ ವಿಜ್ಞಾನಿಗಳು ಟೈರಿನ ಚೂರು ನೆನೆಸಿದ ನೀರನ್ನು ಹಿಡಿದುಕೊಂಡರು. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳು. ಒಂದೊಂದಾಗಿ ಬೇರ್ಪಡಿಸಿ, ಕೈಬಿಟ್ಟು, 2020ರ ಡಿಸೆಂಬರಿನಲ್ಲಿ ಅಪರಾಧಿಯ ಹೆಸರು ಪ್ರಕಟಿಸಿದರು: 6ಪಿಪಿಡಿ-ಕ್ವಿನೋನ್. ಟೈರು ಬಿರುಕು ಬಿಡದಿರಲೆಂದು ರಬ್ಬರಿಗೆ ಬೆರೆಸುವ 6ಪಿಪಿಡಿ ಗಾಳಿಯ ಓಜೋನ್ ಜೊತೆ ಸೇರಿದಾಗ ಹುಟ್ಟುವ ಕೂಸು ಅದು. ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತಲೂ ಕಡಿಮೆ ಇದ್ದರೆ ಸಾಕು, ಕೋಹೊ ಮೀನಿಗೆ ಮರಣಶಾಸನ. ಅದೇ ಬಳಗದ ಚಮ್ ಸಾಲ್ಮನ್ ಮಾತ್ರ ಅದೇ ನೀರಿನಲ್ಲಿ ಆರಾಮಾಗಿ ಈಜುತ್ತಿರುತ್ತದೆ. ಬ್ರಿಟಿಷರು ಕರಿನೀರಿನ ಶಿಕ್ಷೆಗೆ ಕೈದಿಗಳನ್ನು ಅಂಡಮಾನಿಗೆ ಸಾಗಿಸಬೇಕಾಗಿತ್ತು. ಇವರು ಶಿಕ್ಷೆಯನ್ನು ಮೀನಿನ ಮನೆಬಾಗಿಲಿಗೇ ತಲುಪಿಸುತ್ತಾರೆ.

ಇಷ್ಟೆಲ್ಲ ಸಾಧನೆಯಿದ್ದೂ ಸನ್ಮಾನಿತರು ಪರೀಕ್ಷೆಯಲ್ಲಿ ಎಂದೂ ಸಿಕ್ಕಿಬಿದ್ದವರಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪದ್ಧತಿಯಂತೆ ಕೆರೆ, ಹೊಳೆಗಳ ನೀರಿಗೆ ಎ ಯಿಂದ ಇ ವರೆಗೆ ದರ್ಜೆ ಕೊಡುತ್ತಾರೆ. ಮೊದಲ ಮೂರು ದರ್ಜೆಗೆ ನೋಡುವುದು ಕೋಲಿಫಾರ್ಮ್ ಬ್ಯಾಕ್ಟೀರಿಯಾ, ಪಿಎಚ್, ಕರಗಿದ ಆಮ್ಲಜನಕ, ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಅಳತೆಯಾದ ಬಿಒಡಿ. ಮೀನಿಗೆ ಸಲ್ಲುವ ಡಿ ದರ್ಜೆಗೆ ಪಿಎಚ್, ಆಮ್ಲಜನಕ, ಅಮೋನಿಯ. ನೀರಾವರಿಯ ಇ ದರ್ಜೆಗೆ ಲವಣಾಂಶ, ಬೋರಾನ್ ಇತ್ಯಾದಿ. ಇಡೀ ಪಟ್ಟಿಯಲ್ಲಿ ಸತು ಇಲ್ಲ, ತಾಮ್ರ ಇಲ್ಲ, ಎಣ್ಣೆಯಿಲ್ಲ, ಟೈರಿನ ಸುದ್ದಿ ಎತ್ತುವಂತೆಯೇ ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ತನ್ನ ಪಾಠವೇ ಇಲ್ಲದ ವಿದ್ಯಾರ್ಥಿಯನ್ನು ಯಾರು ತಾನೇ ಫೇಲು ಮಾಡಿಯಾರು?

ಅಪವಾದ ಹೊರಿಸುವವರೂ ಇದ್ದಾರೆ, ಅದಕ್ಕೂ ಇಲ್ಲೇ ಉತ್ತರ ಹೇಳಿಬಿಡುವುದು ಒಳ್ಳೆಯದು. ಅರ್ಕಾವತಿ, ಕುಮುದ್ವತಿ ಕೂಡುವಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ 1933ರಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. 2003ರಲ್ಲಿ ಅದರ ಜಲಾನಯನವನ್ನು ಕಾಯಲೆಂದೇ ಸರ್ಕಾರ ಅಧಿಸೂಚನೆ ಹೊರಡಿಸಿತು. 2012ರ ಹೊತ್ತಿಗೆ ನೀರು ಕೊಳೆತು ಸರಬರಾಜೇ ನಿಂತಿತು. ಆ ಪಾಪದ ದೊಡ್ಡ ಗಂಟು ಕೊಳಚೆಯದು, ಕೈಗಾರಿಕೆಯದು. ಕರಿನೀರಪ್ಪನವರದು ಚಿಕ್ಕ ಪಾಲು. ಬಸವನಗುಡಿಯಲ್ಲಿ ಹುಟ್ಟಿ ಬೈರಮಂಗಲ ಕೆರೆಗೆ ಬರುವ ವೃಷಭಾವತಿಯ ನೊರೆಯ ಕಥೆಯೂ ಹಾಗೆಯೇ. ರಾಮನಗರ ಎಂದಿದ್ದ ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದದ್ದು 2025ರಲ್ಲಿ. ಬೆಂಗಳೂರಿನ ನೀರು ಅದಕ್ಕಿಂತ ಬಹಳ ಮೊದಲೇ ಬಂದಿತ್ತು. ಕೊಳಚೆಯಾದರೆ ಮೂಗಿಗೆ ಬಡಿಯುತ್ತದೆ, ನೊರೆಯಾದರೆ ಪೇಪರಿನಲ್ಲಿ ಫೋಟೊ ಬರುತ್ತದೆ. ಕರಿನೀರಪ್ಪನವರು ಅಂಥ ಪ್ರಚಾರಪ್ರಿಯರಲ್ಲ.

ಒಮ್ಮೆ ಮಾತ್ರ ಕ್ಯಾಮೆರಾದ ಮುಂದೆ ನಿಂತದ್ದುಂಟು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ವಾರ ಕಳೆಯುವ ಮೊದಲೇ ಬಂದ ಮಳೆಗೆ ರಾಮನಗರದ ಸಂಗಬಸವನದೊಡ್ಡಿ ಬಳಿ ರಸ್ತೆಯ ಮೇಲೆ ನೀರು ನಿಂತಿತು. ಟೀವಿಯವರೆಲ್ಲ ಓಡಿ ಬಂದು ಎಷ್ಟು ಆಳ, ಯಾರ ತಪ್ಪು, ಎಷ್ಟು ಕೋಟಿ ಎಂದು ಕೇಳಿದರು. ನೀರಿನೊಳಗೆ ಏನಿದೆ ಎಂದು ಕೇಳಿದವರು ಕಾಣಲಿಲ್ಲ. ನೀರು ಇಳಿಯಿತು, ಎಲ್ಲರೂ ಮನೆಗೆ ಹೋದರು. ಇಳಿದದ್ದು ಎಲ್ಲಿಗೆ ಎಂಬುದು ಸುದ್ದಿಯಾಗಲಿಲ್ಲ.

ಮಾಗಡಿ ಸೀಮೆಯಲ್ಲಿ ನಿಂತು ಕೆಂಪೇಗೌಡರ ಹೆಸರೆತ್ತದೆ ಭಾಷಣ ಮುಗಿಸುವುದು ಮರ್ಯಾದೆಯಲ್ಲ. ಬೆಂಗಳೂರಿನಲ್ಲಿ ಅವರ ಕಾಲದ ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಈಗ ಇರುವುದು ಮೆಜೆಸ್ಟಿಕ್, ಅಂದರೆ ಕೆಂಪೇಗೌಡ ಬಸ್ ನಿಲ್ದಾಣ. ಸುತ್ತಲಿನ ನೀರನ್ನು ಬರಮಾಡಿಕೊಳ್ಳುತ್ತಿದ್ದ ಅಂಗಳ ಬಸ್ಸುಗಳ ಆಯಿಲ್ ತೊಳೆದು ಹೊರಗೆ ಕಳಿಸುವ ಅಂಗಳವಾಯಿತು. ಕೆರೆ ಕಟ್ಟಿಸಿದವರ ಹೆಸರನ್ನು ಕೆರೆ ಮುಚ್ಚಿದ ಜಾಗಕ್ಕೇ ಇಡುವ ಈ ಕೃತಜ್ಞತೆ ಬೇರೆಲ್ಲಿ ಸಿಕ್ಕೀತು?

ಕುದೂರಿನ ಕೊಡುಗೆಯನ್ನೂ ಮರೆಯಬಾರದು. ರಸ್ತೆಯ ಪಕ್ಕ ಹುಲ್ಲು ಬೆಳೆದ ಮಣ್ಣಿನ ಚರಂಡಿ ಇದ್ದ ಕಾಲದಲ್ಲಿ ಸನ್ಮಾನಿತರ ಪ್ರಯಾಣ ಬಲು ಕಷ್ಟದ್ದು. ಹುಲ್ಲು ಅಡ್ಡಗಟ್ಟುತ್ತಿತ್ತು, ಮಣ್ಣು ಸತುವನ್ನೂ ಎಣ್ಣೆಯನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು. ಸಿಯಾಟಲ್ ಕಡೆಯವರು ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಮೀನು ಕೊಲ್ಲುವ ಅದೇ ರಸ್ತೆ ನೀರನ್ನು ಮರಳು ಮತ್ತು ಎಲೆಗೊಬ್ಬರ ಬೆರೆಸಿ ತುಂಬಿದ ಪದರದ ಮೂಲಕ ಇಳಿಸಿದಾಗ ಆ ನೀರಿನಲ್ಲಿ ಬಿಟ್ಟ ಕೋಹೊ ಮೀನುಗಳು ಬದುಕಿದವು. ದೊಡ್ಡ ಯಂತ್ರವಿಲ್ಲ, ಕರೆಂಟಿಲ್ಲ. ಒಂದು ಗುಂಡಿ, ಮರಳು, ತಿಪ್ಪೆಯಲ್ಲಿ ಸಿಗುವಂಥ ಗೊಬ್ಬರ, ಮೇಲೊಂದಿಷ್ಟು ಹುಲ್ಲು. ಸಲಕರಣೆಯೆಲ್ಲ ಹಿತ್ತಲಲ್ಲೇ ಇದೆ. ಆದರೆ ಅಭಿವೃದ್ಧಿ ಎಂದರೆ ಕಾಂಕ್ರೀಟ್ ಬಾಕ್ಸ್ ಚರಂಡಿಯೆಂದು ಊರೂರೂ ಒಪ್ಪಿಕೊಂಡಾಗಿದೆ. ಕರಿನೀರಪ್ಪನವರಿಗೆ ಸರ್ಕಾರದ ಖರ್ಚಿನಲ್ಲಿ ಹಾಕಿಕೊಟ್ಟ ಎಕ್ಸ್‌ಪ್ರೆಸ್‌ವೇ ಅದು, ಟೋಲ್ ಕೂಡ ಇಲ್ಲ.

ಗ್ಯಾರೇಜಿನ ಮಿತ್ರರಿಗೂ ಒಂದು ನೆನಪಿನ ಕಾಣಿಕೆ ಸಲ್ಲಬೇಕು. ವೇಸ್ಟ್ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವ ಮರುಬಳಕೆದಾರರಿಗೇ ಸೇರಬೇಕು. ಡ್ರಮ್ಮಿಗೆ ಹೋದ ಆಯಿಲ್‌ಗೆ ದುಡ್ಡು ಸಿಗುತ್ತದೆ, ಹಾಗಾಗಿ ಅದು ಡ್ರಮ್ಮಿಗೇ ಹೋಗುತ್ತದೆ. ಕೈ ಒರೆಸಿದ ಬಟ್ಟೆ, ಫಿಲ್ಟರಿನಿಂದ ಜಿನುಗಿದ್ದು, ನೆಲಕ್ಕೆ ಚೆಲ್ಲಿ ಮೇಲೆ ಮಣ್ಣೆರಚಿದ್ದು, ವಾಟರ್ ಸರ್ವಿಸ್‌ನಲ್ಲಿ ಸೋಪಿನ ಜೊತೆ ಮೋರಿಗೆ ಹರಿದದ್ದು, ಇವು ಡ್ರಮ್ಮಿನ ಲೆಕ್ಕಕ್ಕೆ ಬರುವುದಿಲ್ಲ. ಕರಿನೀರಪ್ಪನವರ ಲೆಕ್ಕಕ್ಕೆ ಬರುತ್ತವೆ.

ಈಗ ಪೇಟ, ಶಾಲು, ಹಾರ, ಫಲತಾಂಬೂಲ. ಶಾಲು ಹೊದಿಸುವವರು ದಯವಿಟ್ಟು ಬಿಳಿ ಅಂಗಿಯ ತೋಳು ಮಡಚಿಕೊಳ್ಳಬೇಕು, ಈ ಕಲೆ ಹೋಗುವುದಿಲ್ಲ. ಸನ್ಮಾನಿತರು ಉತ್ತರ ಭಾಷಣ ಮಾಡುವವರಲ್ಲ. ಮೋಡ ಕವಿದಿದೆ, ಅವರಿಗೆ ಹೊರಡುವ ಅವಸರ.

ಕೊನೆಯಲ್ಲೊಂದು ಪ್ರಕಟಣೆ. ಕೆಎ-42 ನಂಬರಿನ ಬಿಳಿ ಕಾರಿನವರು, ಅದರ ಪಕ್ಕದ ಎರಡು ಗೂಡ್ಸ್ ಆಟೊದವರು, ಮರದ ಕೆಳಗಿನ ಬುಲೆಟ್ ಬೈಕಿನವರು ಊಟಕ್ಕೆ ಕೂರುವ ಮೊದಲು ತಮ್ಮ ಗಾಡಿಯನ್ನು ಒಂದು ಮಾರು ಹಿಂದಕ್ಕೆ ತೆಗೆದು, ನಿಲ್ಲಿಸಿದ್ದ ಜಾಗದಲ್ಲಿ ನೆಲದ ಮೇಲೆ ಏನು ಉಳಿದಿದೆ ಎಂದು ಬಗ್ಗಿ ನೋಡಬೇಕಾಗಿ ಸಮಿತಿಯ ಕಳಕಳಿಯ ವಿನಂತಿ.