ಭಾನುವಾರದ ನಳಮಹಾರಾಜರು

ಮಧುಗಿರಿಯ ಏಕಶಿಲಾ ಬೆಟ್ಟದ ನೆರಳಿನಲ್ಲಾಗಲಿ, ಶಿರಾದ ಕೋಟೆಯ ಬೀದಿಯಲ್ಲಾಗಲಿ, ಸಿದ್ಧರಬೆಟ್ಟವನ್ನು ನೆರೆಯಲ್ಲಿಟ್ಟುಕೊಂಡ ಕೊರಟಗೆರೆಯಲ್ಲಾಗಲಿ, ಶನಿಮಹಾತ್ಮನ ಸನ್ನಿಧಿಯಾದ ಪಾವಗಡದಲ್ಲಾಗಲಿ, ವಾರದ ಆರು ದಿನಗಳೂ ಅಡುಗೆಮನೆಯ ಹೊಸ್ತಿಲನ್ನು ಕಾಫಿ ಕೇಳುವುದಕ್ಕಲ್ಲದೆ ಮೆಟ್ಟದೆ, ಏಳನೆಯ ದಿನ ಮಾತ್ರ ಪಂಚೆಯನ್ನು ಮೇಲೆತ್ತಿ ಕಟ್ಟಿ, ಹೆಗಲಿಗೆ ಟವೆಲನ್ನೇರಿಸಿ, ‘ಇವತ್ತು ನೀನು ಸುಮ್ಮನೆ ಕೂತಿರು’ ಎಂದು ಗೃಹಿಣಿಗೆ ಅಭಯವನ್ನಿತ್ತು ಒಲೆಯ ಮುಂದೆ ನಿಲ್ಲುವ ಮಹನೀಯರು ಬೀದಿಗೊಬ್ಬರಂತೆ ದೊರೆಯುತ್ತಾರೆ. ನಾನು ಹೇಳಹೊರಟಿರುವವರು ಮಧುಗಿರಿಯವರು, ನಿವೃತ್ತ ವಿಜ್ಞಾನದ ಮೇಷ್ಟ್ರು. ಹೆಸರು ಬೇಡ, ಹೇಳಿದರೆ ಅದೇ ಲಕ್ಷಣದ ಇತರರು ತಮ್ಮನ್ನು ಬಿಟ್ಟರೆಂದು ಮುನಿದಾರು.

ಬೆಂಗಳೂರಿನಿಂದ ಬಂದ ಮೊಮ್ಮಗನು ಫ್ರೆಂಚ್ ಫ್ರೈಸ್ ಬೇಕೆಂದು ಹಟ ಹಿಡಿದದ್ದೇ ನೆಪವಾಯಿತು. ಬೇಕರಿಯಿಂದ ತರಿಸಿದರಾಯಿತೆಂಬ ಸೊಸೆಯ ಸಲಹೆಯನ್ನು ತೃಣೀಕರಿಸಿ ಮೇಷ್ಟ್ರು ಸ್ವತಃ ಸಂತೆಗೆ ನಡೆದರು. ನಮ್ಮ ಸೀಮೆಯ ಮಳೆಯನ್ನೇ ನಂಬಿದ ಕೆಂಪುನೆಲವು ಕಡಲೆಕಾಯಿಗೂ ರಾಗಿಗೂ ಒಲಿದಂತೆ ಆಲೂಗೆಡ್ಡೆಗೆ ಒಲಿದಿಲ್ಲವಾಗಿ, ಅದು ಹಾಸನ, ಚಿಕ್ಕಬಳ್ಳಾಪುರಗಳ ಕಡೆಯಿಂದ ಮೂಟೆಯಲ್ಲಿ ಬರತಕ್ಕದ್ದು. ಹೊಲದಿಂದ ನೇರವಾಗಿ ಬಂದಿತೋ, ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಮಲಗಿತ್ತೋ ಎಂಬುದು ಅವರ ಪ್ರಥಮ ಪ್ರಶ್ನೆ. ಅತಿಶೈತ್ಯದಲ್ಲಿ ಗೆಡ್ಡೆಯ ಪಿಷ್ಟವು ಸಕ್ಕರೆಯಾಗಿ ಮಾರ್ಪಡುವುದೆಂದೂ, ಅಂಥದನ್ನು ಕರಿದರೆ ಗರಿಗರಿಯಾಗುವ ಮೊದಲೇ ಕಪ್ಪಡರುವುದೆಂದೂ (ಇದು ಸತ್ಯವಾದ ಮಾತೇ) ಅವರು ವಿವರಿಸುತ್ತಿರಲು, ಹಿಂದೆ ನಿಂತ ಗಿರಾಕಿಗಳನ್ನು ನೋಡಿ ವ್ಯಾಪಾರಿಯು, ‘ಮೇಷ್ಟ್ರೇ, ತೂಕ ಹಾಕ್ಲಾ, ಬ್ಯಾಡ್ವಾ?’ ಎಂದನು.

‘ಸುಮ್ಮನೆ ಕೂತಿರು’ ಎಂಬ ಅಭಯದ ಅರ್ಥವು ಅಡುಗೆಮನೆಯಲ್ಲಿ ಸ್ಪಷ್ಟವಾಯಿತು. ಸುಮ್ಮನೆ ಕೂತು ಸಿಪ್ಪೆ ಹೆರೆಯತಕ್ಕವರು ಪತ್ನಿ. ಈಳಿಗೆಮಣೆಯ ಮೇಲೆ ಬೆರಳುಗಾತ್ರದ ಕೋಲುಗಳಾಗಿ ಹೆಚ್ಚತಕ್ಕವಳು ಸೊಸೆ. ತಣ್ಣೀರನ್ನು ಬದಲಿಸಿ ಬದಲಿಸಿ ಮೇಲಿನ ಪಿಷ್ಟವನ್ನು ತೊಳೆಯತಕ್ಕವನು ಮೊಮ್ಮಗ. ಮೇಷ್ಟ್ರು ತತ್ತ್ವವನ್ನು ನೋಡಿಕೊಂಡರು. ಕೋಲುಗಳೆಲ್ಲ ಚಚ್ಚೌಕವಾಗಿರಬೇಕೆಂಬ ಅವರ ವಿಧಿಯಿಂದ ಅರ್ಧ ಗೆಡ್ಡೆ ಅಂಚಿನ ಚೂರುಗಳಾಗಿ ಉಳಿಯಿತು. ತೊಳೆದುದರ ತೇವವನ್ನು ಹೀರಲು ಹರಡಿದ ವಸ್ತ್ರವು ಮಾರನೆಯ ದಿನ ಅವರೇ ಉಡಲೆಂದು ಒಗೆದಿಟ್ಟ ಪಂಚೆ. ಅದು ಆರುವವರೆಗೆ ಉಪನ್ಯಾಸ ನಡೆಯಿತು: 16ನೆಯ ಶತಮಾನದಲ್ಲಿ ಸ್ಪೇನಿನವರು ಆಂಡೀಸ್ ಪರ್ವತಗಳ ಈ ಗೆಡ್ಡೆಯನ್ನು ಯೂರೋಪಿಗೆ ಒಯ್ದದ್ದು, ಅದರ ಕರಿದ ಕೋಲುಗಳ ಪಿತೃತ್ವಕ್ಕಾಗಿ ಬೆಲ್ಜಿಯಂ ಫ್ರಾನ್ಸುಗಳು ಇಂದಿಗೂ ವ್ಯಾಜ್ಯವಾಡುತ್ತಿರುವುದು. ತಮ್ಮೂರು 1687ರಿಂದ ಮೊಗಲರ ಸುಬಾ ಆಗಿತ್ತೆಂಬ ಹೆಮ್ಮೆಯನ್ನು ಇನ್ನೂ ಇಳಿಸದ ಶಿರಾದ ಬೀಗರು, ‘ಅಂಥಾದ್ದೆಲ್ಲ ನಮ್ಮ ನವಾಬರ ಅಡುಗೆಮನೇಲಿ ಆಗಲೇ ಇತ್ತು ಬಿಡಿ’ ಎಂದು ನಡುವೆ ಬಾಯಿ ಹಾಕಿದ್ದರಿಂದ, ಆ ವಾದ ಮುಗಿಯುವುದರೊಳಗಾಗಿ ಒಲೆಯ ಮೇಲಿನ ಎಣ್ಣೆ ಹೊಗೆಯಾಡಿತು.

ಪಾವಗಡದ ಭಾವಮೈದುನ ತಂದುಕೊಟ್ಟ ಗಾಣದ ಕಡಲೆಕಾಯಿ ಎಣ್ಣೆ ಅದು. ಸುಮಾರು 160 ಡಿಗ್ರಿ ಶಾಖದಲ್ಲಿ ಬಣ್ಣವೇರದಂತೆ ಬೇಯಿಸಿ, ತೆಗೆದು ಆರಲು ಬಿಟ್ಟು, ಅನಂತರ 190ರ ಆಸುಪಾಸಿನಲ್ಲಿ ಮತ್ತೆ ಕರಿಯಬೇಕೆಂಬುದು ಶಾಸ್ತ್ರ. ಮೊದಲನೆಯದರಲ್ಲಿ ಒಳಗು ಮೆದುವಾಗುತ್ತದೆ, ಎರಡನೆಯದರಲ್ಲಿ ಹೊರಗಿನ ತೇವ ಹಾರಿ ಗರಿಯಾಗುತ್ತದೆ. ಅಳೆಯಲೆಂದು ತಂದಿರಿಸಿದ ಪ್ರಯೋಗಶಾಲೆಯ ಉಷ್ಣಮಾಪಕದ ಅಂಕಗಳಾದರೋ 110ಕ್ಕೇ ಮುಗಿದಿದ್ದವು. ಕಾದ ಎಣ್ಣೆಗೆ ಅದ್ದಿದರೆ ಅದು ಒಡೆಯುವುದೆಂದು ವರ್ಷಾನುವರ್ಷ ಮಕ್ಕಳಿಗೆ ಬೋಧಿಸಿದ್ದ ಮೇಷ್ಟ್ರು ಅದನ್ನು ಕೈಯಲ್ಲಿ ಹಿಡಿದು ಚಿಂತಾಮಗ್ನರಾಗಿರಲು, ಪತ್ನಿಯು ಒಂದು ಚೂರನ್ನು ಬಾಣಲೆಗೆ ಹಾಕಿ, ಅದು ಮೇಲೇಳುವ ಬಗೆಯನ್ನು ನೋಡಿ, ‘ರೀ, ಈಗ ಹಾಕಿ’ ಎಂದರು. ಹಾಕಿದರು. ನ್ಯಾಯವಾಗಿ ಹೇಳಬೇಕಾದರೆ, ಬಂದದ್ದು ಉತ್ಕೃಷ್ಟವಾದ ವಸ್ತು: ಹೊಂಬಣ್ಣ, ಕಡಿದರೆ ಸದ್ದು, ಒಳಗೆ ಹಿಟ್ಟುಹಿಟ್ಟಾದ ಮಾರ್ದವ. ಬೇಕರಿಯದು ಇದರ ಮುಂದೆ ನಿಲ್ಲದು.

ಉಳಿದದ್ದು ಅದ್ದಿಕೊಳ್ಳುವ ಸಾಸು. ಮೇಯನೇಸಿಗೆ ಮೊಟ್ಟೆಯ ಹಳದಿ ಬೇಕು. ಆ ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವಂತಿಲ್ಲ. ತಣ್ಣನೆಯ ಹಾಲಿಗೆ ಎಣ್ಣೆಯನ್ನು ತೊಟ್ಟುತೊಟ್ಟಾಗಿ ಬಿಟ್ಟು ಕಡೆದರೂ ಎರಡೂ ಕೂಡಿಕೊಳ್ಳುವುವೆಂದು ಮೇಷ್ಟ್ರು ಓದಿಕೊಂಡಿದ್ದರು. ಆದರೆ ಆ ಕ್ಷಣದಲ್ಲಿಯೇ ಕೊರಟಗೆರೆಯ ಹಳೆಯ ಸಹೋದ್ಯೋಗಿಯೊಬ್ಬರು ಬಾಗಿಲಲ್ಲಿ ಕಾಣಿಸಿಕೊಳ್ಳಲಾಗಿ, ಹೊಸ ಶ್ರೋತೃ ದೊರೆತ ಸಂಭ್ರಮದಲ್ಲಿ ಬಟ್ಟಲಿನ ಎಣ್ಣೆಯೆಲ್ಲ ಒಮ್ಮೆಗೇ ಮಿಕ್ಸಿಯೊಳಗೆ ಹೋಯಿತು. ಹಾಲೂ ಎಣ್ಣೆಯೂ ಆಸ್ತಿ ಪಾಲಾದ ದಾಯಾದಿಗಳಂತೆ ಬೇರ್ಪಟ್ಟು ನಿಂತವು. ಅವು ಹಾಗೆ ನಿಲ್ಲುವುದರ ಕಾರಣವನ್ನು ಮೇಷ್ಟ್ರು ಅತಿಥಿಗೆ ಸವಿಸ್ತಾರವಾಗಿ ತಿಳಿಸುತ್ತಿರುವಾಗಲೇ, ಪತ್ನಿಯು ಗಟ್ಟಿ ಮೊಸರಿಗೆ ಹುಚ್ಚೆಳ್ಳಿನ ಚಟ್ನಿಪುಡಿಯನ್ನೂ ಚೂರು ಬೆಲ್ಲವನ್ನೂ ಕಲಸಿ ತಂದಿಟ್ಟರು. ಮೊದಲು ಬರಿದಾದದ್ದು ಆ ಬಟ್ಟಲೇ.

ಈ ವರ್ಗದವರನ್ನು ಜಂಬಗಾರರೆಂದು ತಳ್ಳಿಬಿಡುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಅವರಿಗೆ ಉಣ್ಣುವವರಿಗಿಂತ ಕೇಳುವವರು ಬೇಕು. ಆಯುಷ್ಯದ ಬಹುಭಾಗವನ್ನು ಕಪ್ಪುಹಲಗೆಯ ಮುಂದೆ ಕಳೆದವರಿಗೆ ನಿವೃತ್ತಿಯ ತರುವಾಯ ಉಳಿದಿರುವ ತರಗತಿಯೆಂದರೆ ಆ ಅಡುಗೆಮನೆಯೊಂದೇ. ಊಟವೂ ಅಲ್ಲಿಯೇ ಆಗಬೇಕಾದುದರಿಂದ ವಿದ್ಯಾರ್ಥಿಗಳಾರೂ ತಪ್ಪಿಸಿಕೊಳ್ಳುವಂತಿಲ್ಲ.

ರಾತ್ರಿ ಅಂಚಿನ ಚೂರುಗಳು ಪಲ್ಯವಾಗಿ ಮುದ್ದೆಯ ಪಕ್ಕದಲ್ಲಿ ಬಂದವು. ಬೆಳಗ್ಗೆ ಪಾವಗಡದ ಬಸ್ಸಿಗೆ ಹೊರಟ ತಮ್ಮನನ್ನು ಕಳುಹಿಸಲು ಬಾಗಿಲವರೆಗೆ ಬಂದ ಅಕ್ಕ, ದನಿ ತಗ್ಗಿಸಿ ಹೇಳಿದರು: ‘ಶನಿವಾರ ದೇವಸ್ಥಾನಕ್ಕೆ ಹೋದ್ರೆ ನನ್ನ ಹೆಸರಲ್ಲಿ ಒಂದು ಎಳ್ಳುದೀಪ ಹಚ್ಚಿಸು ಕಣೋ. ನಿಮ್ ಭಾವ ಮುಂದಿನ ವಾರ ಪಿಜ್ಜಾ ಅಂತಿದಾರೆ.’